ತಾರಸಿಯ ಮೇಲೆ ಚೀಲದಲ್ಲಿ ಆಲೂಗಡ್ಡೆ: ಯಾವಾಗ ನೆಡಬೇಕು, ಎಂಥ ಮಣ್ಣು ಬೇಕು?

ಪ್ರಶ್ನೆ (ಚಿಕ್ಕಬಳ್ಳಾಪುರ)

ಎಲ್ಲರಿಗೂ ನಮಸ್ಕಾರ. ನಮ್ಮ ತಾರಸಿಗೆ ಬೆಳಗಿನಿಂದ ಸಂಜೆಯವರೆಗೂ ಬಿಸಿಲು ಬೀಳುತ್ತದೆ. ಸೊಪ್ಪು, ಬದನೆ, ಟೊಮೆಟೊಗಳನ್ನು ಕುಂಡಗಳಲ್ಲಿ ಬೆಳೆದುಕೊಳ್ಳುತ್ತಿದ್ದೇವೆ. ಈ ಸಲ ಅಕ್ಕಿಯ ಚೀಲಗಳಲ್ಲಿ ಆಲೂಗಡ್ಡೆ ನೆಡಬೇಕೆಂಬ ಆಸೆ. ಆದರೆ ಪಕ್ಕದ ಮನೆಯವರು ಯುಗಾದಿಯ ಹೊತ್ತಿಗೆ ನೆಟ್ಟ ಗಿಡಗಳು ಸೊಂಪಾಗಿ ಬೆಳೆದಿದ್ದರೂ, ಚೀಲ ಸುರಿದು ನೋಡಿದಾಗ ಗೋಲಿಯಷ್ಟು ದಪ್ಪದ ಗಡ್ಡೆಗಳ ಹೊರತು ಬೇರೇನೂ ಸಿಗಲಿಲ್ಲ. ಗೊಬ್ಬರ ಸಾಲದೆ ಹೀಗಾಯಿತೆಂಬುದು ಅವರ ಅಭಿಪ್ರಾಯ. ಅದು ನಿಜವೇ? ಅಡುಗೆಮನೆಯಲ್ಲಿ ಮೊಳೆತ ಗಡ್ಡೆಯನ್ನೇ ನೆಡಬಹುದೇ? ಟೊಮೆಟೊ ಬೆಳೆದ ಕುಂಡದ ಮಣ್ಣನ್ನು ಚೀಲಕ್ಕೆ ತುಂಬಬಹುದೇ? ಗಿಡ ಎತ್ತರವಾದಂತೆಲ್ಲ ಮಣ್ಣು ಏರಿಸುತ್ತಾ ಹೋದರೆ ಚೀಲದ ತುಂಬ ಗಡ್ಡೆ ಕಟ್ಟುತ್ತದೆ ಎನ್ನುವುದು ಎಷ್ಟರ ಮಟ್ಟಿಗೆ ಸರಿ?

ಉತ್ತರ 1 (ಕೋಲಾರ)

ಗೊಬ್ಬರದ ಕೊರತೆಯಾಗಿದ್ದರೆ ಗಿಡವೂ ಬಡಕಲಾಗಿರುತ್ತಿತ್ತು. ಎಲೆ ಸೊಂಪಾಗಿದ್ದು ಗಡ್ಡೆ ಕಟ್ಟದಿರುವುದಕ್ಕೆ ಮುಖ್ಯ ಕಾರಣ ಸೆಕೆ, ಅದರಲ್ಲೂ ರಾತ್ರಿಯ ಸೆಕೆ. ಎಲೆಗಳು ಹಗಲಿನಲ್ಲಿ ತಯಾರಿಸಿದ ಸಕ್ಕರೆಯು ನೆಲದೊಳಗಿನ ಬಿಳಿಯ ಕವಲುಗಳ ತುದಿಗೆ ಇಳಿದು, ಅಲ್ಲಿ ಪಿಷ್ಟವಾಗಿ ಶೇಖರವಾದರೆ ಮಾತ್ರ ಗಡ್ಡೆಯಾಗುತ್ತದೆ. ರಾತ್ರಿಗಳು ತಂಪಾಗಿದ್ದು ಮಣ್ಣಿನ ಉಷ್ಣತೆ 15ರಿಂದ 20 ಡಿಗ್ರಿ ಸೆಲ್ಸಿಯಸ್ ಇರುವಾಗ ಈ ಕೆಲಸ ಚೆನ್ನಾಗಿ ನಡೆಯುತ್ತದೆ. 30 ಡಿಗ್ರಿ ಸಮೀಪಿಸಿದರೆ ಬಹುಮಟ್ಟಿಗೆ ನಿಂತುಹೋಗುತ್ತದೆ. ಸಾರಜನಕ ಹೆಚ್ಚಾದರೂ ಗಿಡ ಎಲೆ ಬಿಡುವುದರಲ್ಲೇ ಕಾಲ ಕಳೆಯುವುದರಿಂದ, ಇಂಥ ಗಿಡಕ್ಕೆ ಮತ್ತಷ್ಟು ಗೊಬ್ಬರ ಹಾಕಿದ್ದರೆ ಇದ್ದ ಫಲವೂ ಕಡಿಮೆಯಾಗುತ್ತಿತ್ತು.

ನಮ್ಮ ಜಿಲ್ಲೆಗಳ ರೈತರು ಹಿಂಗಾರಿನಲ್ಲಿ ನಾಟಿ ಮಾಡುವುದು ಇದೇ ಕಾರಣಕ್ಕೆ. ತಾವೂ ಅಕ್ಟೋಬರ್ ಮಧ್ಯದಿಂದ ನವೆಂಬರ್ ಮುಗಿಯುವುದರೊಳಗೆ ನೆಟ್ಟರೆ, ಡಿಸೆಂಬರ್ ಮತ್ತು ಜನವರಿಯ ಚಳಿ ಗಡ್ಡೆ ಕಟ್ಟುವ ಕಾಲಕ್ಕೆ ಸರಿಯಾಗಿ ಒದಗುತ್ತದೆ. ಹೊಲದ ಮಣ್ಣು ಆಳದಲ್ಲಿ ತಂಪನ್ನು ಉಳಿಸಿಕೊಳ್ಳುತ್ತದೆ. ತಾರಸಿಯ ಮೇಲಿನ ಚೀಲಕ್ಕಾದರೋ ಸುತ್ತಲೂ ಬಿಸಿಲು, ಸಂಜೆಯ ನಂತರ ಕೆಳಗಿನಿಂದ ಕಾಂಕ್ರೀಟಿನ ಬಿಸಿ. ಆದ್ದರಿಂದ ಚೀಲಗಳನ್ನು ಇಟ್ಟಿಗೆ ಅಥವಾ ಹಲಗೆಯ ಮೇಲೆ ಎತ್ತರಿಸಿ, ಒಂದಕ್ಕೊಂದು ಒತ್ತಾಗಿ ಜೋಡಿಸಿ, ಪಶ್ಚಿಮದ ಮಗ್ಗುಲಿಗೆ ಗೋಣಿತಟ್ಟನ್ನು ಇಳಿಬಿಡಬೇಕು. ಕಪ್ಪು ಬಣ್ಣದ ಬಕೆಟ್ಟುಗಳನ್ನು ದಯವಿಟ್ಟು ಬಳಸಬೇಡಿ.

ಉತ್ತರ 2 (ತುಮಕೂರು)

ಟೊಮೆಟೊ, ಬದನೆ, ಮೆಣಸಿನಕಾಯಿ ಮತ್ತು ಆಲೂಗಡ್ಡೆ ನಾಲ್ಕೂ ಒಂದೇ ಕುಟುಂಬಕ್ಕೆ ಸೇರಿದವು. ಗಿಡವು ಹಸಿರಾಗಿರುವಾಗಲೇ ಬಾಡಿ ಬೀಳುವಂತೆ ಮಾಡುವ ಸೊರಗು ರೋಗದ ಬ್ಯಾಕ್ಟೀರಿಯಾಗಳು ಮಣ್ಣಿನಲ್ಲಿ ಬಹುಕಾಲ ಉಳಿಯುವುದರಿಂದ, ಆ ಕುಂಡಗಳ ಮಣ್ಣನ್ನು ಸೊಪ್ಪಿಗೋ ಹುರುಳಿಕಾಯಿಗೋ ಮೀಸಲಿಟ್ಟು, ಆಲೂಗಡ್ಡೆಗೆ ಹೊಸ ಮಣ್ಣನ್ನೇ ತರಬೇಕು. ಎರಡು ಪಾಲು ಕೆಂಪು ಮಣ್ಣು, ಒಂದು ಪಾಲು ಪೂರ್ತಿ ಕಳಿತ ಕೊಟ್ಟಿಗೆ ಗೊಬ್ಬರ, ಒಂದು ಪಾಲು ತೊಳೆದ ತೆಂಗಿನ ನಾರಿನ ಪುಡಿ ಸಾಕು. ಬೂದಿ ಪೊಟ್ಯಾಶ್ ಕೊಡುತ್ತದೆಂದು ಅನೇಕರು ಧಾರಾಳವಾಗಿ ಬೆರೆಸುತ್ತಾರೆ. ಅದು ಮಣ್ಣಿನ ಹುಳಿಯನ್ನು ತಗ್ಗಿಸುವುದರಿಂದ ಗಡ್ಡೆಯ ಸಿಪ್ಪೆಯ ಮೇಲೆ ಕಜ್ಜಿ ಏಳಲು ಅನುಕೂಲವಾಗುತ್ತದೆ.

ಬಿತ್ತನೆಯ ವಿಷಯದಲ್ಲಿ ಉದಾಸೀನ ಸಲ್ಲದು. ಅಡುಗೆಮನೆಯ ಗಡ್ಡೆ ಮೊಳೆಯಬಹುದು, ಫಲವನ್ನೂ ಕೊಡಬಹುದು. ಆದರೆ ಅದರೊಳಗೆ ನಂಜುರೋಗ (ವೈರಸ್ ರೋಗ) ಇದ್ದರೆ ಹೊರಗಿನಿಂದ ತಿಳಿಯುವುದಿಲ್ಲ. ನಮ್ಮ ಕಡೆಯ ರೈತರು ಪಂಜಾಬಿನ ಜಲಂಧರ್ ಕಡೆಯಿಂದ ಬರುವ ಬಿತ್ತನೆ ಗಡ್ಡೆಯನ್ನು ಕೊಳ್ಳುವುದಕ್ಕೆ ಕಾರಣವಿದೆ: ಅಲ್ಲಿ ನಂಜನ್ನು ಹರಡುವ ಸಸ್ಯಹೇನುಗಳು ಕಡಿಮೆ ಇರುವ ಚಳಿಗಾಲದಲ್ಲಿ ಬಿತ್ತನೆಯ ಬೆಳೆಯನ್ನು ಬೆಳೆಯುತ್ತಾರೆ. ನಾಟಿಯ ಕಾಲದಲ್ಲಿ ಪರಿಚಯದ ರೈತರೊಬ್ಬರನ್ನು ಕೇಳಿದರೆ ಒಂದೆರಡು ಕಿಲೋ ಕೊಟ್ಟೇ ಕೊಡುತ್ತಾರೆ. ಕರ್ನಾಟಕದಲ್ಲಿ ಹೆಚ್ಚಾಗಿ ಸಿಗುವ ತಳಿ ಶಿಮ್ಲಾದ ಕೇಂದ್ರೀಯ ಆಲೂಗಡ್ಡೆ ಸಂಶೋಧನಾ ಸಂಸ್ಥೆಯು 1968ರಲ್ಲಿ ಬಿಡುಗಡೆ ಮಾಡಿದ ಕುಫ್ರಿ ಜ್ಯೋತಿ. ಕೋಳಿಮೊಟ್ಟೆಯ ಗಾತ್ರದ ಇಡೀ ಗಡ್ಡೆಗಳನ್ನು ಆರಿಸಿ, ನೇರ ಬಿಸಿಲು ಬೀಳದ ಬೆಳಕಿನಲ್ಲಿ ಹರಡಿಟ್ಟು, ಮೊಳಕೆಗಳು ಗಿಡ್ಡವಾಗಿ ದಪ್ಪಗಾದ ಮೇಲೆ ನೆಡಿ.

ಉತ್ತರ 3 (ಚಿಂತಾಮಣಿ)

ಮೇಲಿನ ಇಬ್ಬರೂ ಹೇಳಿರುವುದನ್ನು ಬಹುಪಾಲು ಒಪ್ಪುತ್ತೇನೆ, ಆದರೆ ಚೀಲಗಳನ್ನು ಒತ್ತಾಗಿ ಜೋಡಿಸಬೇಕೆಂಬ ಮಾತನ್ನು ಒಪ್ಪಲಾರೆ. ನಮ್ಮ ಭಾಗಕ್ಕೆ ಅಕ್ಟೋಬರ್ ಮತ್ತು ನವೆಂಬರಿನಲ್ಲಿ ಬಂಗಾಳ ಕೊಲ್ಲಿಯ ವಾಯುಭಾರ ಕುಸಿತದಿಂದ ದಿನಗಟ್ಟಲೆ ಜಡಿಮಳೆ ಹಿಡಿಯುವುದುಂಟು. ಮೋಡ, ತಂಪು ಮತ್ತು ಒದ್ದೆ ಎಲೆ ಸೇರಿದರೆ ಅಂಗಮಾರಿ ರೋಗಕ್ಕೆ ಅಷ್ಟೇ ಸಾಕು. 1845ರಿಂದ ಐರ್ಲೆಂಡಿನ ಬೆಳೆಯನ್ನು ನಾಶಮಾಡಿ ಕ್ಷಾಮಕ್ಕೆ ದೂಡಿದ್ದು ಇದೇ ರೋಗ. ಆದ್ದರಿಂದ ಗಿಡಗಳ ನಡುವೆ ಗಾಳಿಯಾಡಲು ಒಂದಡಿಯಾದರೂ ಜಾಗ ಬಿಟ್ಟು, ಬಿಸಿಲನ್ನು ಗೋಣಿತಟ್ಟಿನಿಂದಲೇ ತಡೆಯುವುದು ಒಳ್ಳೆಯದು. ನೀರನ್ನು ಬೆಳಗ್ಗೆ ಬುಡಕ್ಕೆ ಮಾತ್ರ ಹಾಕಿ. ಎಲೆಯ ಮೇಲೆ ನೀರಿನಲ್ಲಿ ನೆನೆದಂಥ ಕಪ್ಪು ಮಚ್ಚೆ ಕಂಡರೆ ಆ ಎಲೆಗಳನ್ನು ಕೂಡಲೇ ಕಿತ್ತು ತಾರಸಿಯಿಂದ ಹೊರಗೆ ಸಾಗಿಸಿ.

ಮಣ್ಣು ಏರಿಸುವುದರ ಬಗ್ಗೆ ಅತಿಯಾದ ನಿರೀಕ್ಷೆ ಬೇಡ. ಚೀಲದ ಬಾಯನ್ನು ಮಡಿಸಿ, ಕೆಳಗೆ ತೂತು ಮಾಡಿ, ಅರೆಮಟ್ಟ ಮಣ್ಣು ತುಂಬಿ, ನಾಲ್ಕು ಬೆರಳು ಆಳಕ್ಕೆ ಗಡ್ಡೆ ನೆಟ್ಟು, ಗಿಡ ಒಂದು ಗೇಣು ಬಂದಾಗ ಒಮ್ಮೆ, ಮತ್ತೆ ಎರಡು ಮೂರು ವಾರಕ್ಕೆ ಇನ್ನೊಮ್ಮೆ ಮಣ್ಣು ಕೊಟ್ಟರೆ ಸಾಕು. ಗಡ್ಡೆ ಕಟ್ಟುವ ಕವಲುಗಳು ಹೊರಡುವುದು ಕಾಂಡದ ಕೆಳಗಿನ ಗೆಣ್ಣುಗಳಿಂದ. ನಮ್ಮಲ್ಲಿ ನೂರು ದಿನಗಳೊಳಗೆ ಕೀಳುವ ತಳಿಗಳಿಗೆ ಮಹಡಿಯ ಮೇಲೆ ಮಹಡಿಯಂತೆ ಗಡ್ಡೆ ಕಟ್ಟುವಷ್ಟು ಕಾಲಾವಕಾಶವೇ ಇರುವುದಿಲ್ಲ. ಮಣ್ಣು ಏರಿಸುವ ನಿಜವಾದ ಉದ್ದೇಶ ಗಡ್ಡೆಗೆ ಬೆಳಕೂ ಗಡ್ಡೆ ಕೊರೆಯುವ ಪತಂಗವೂ ತಾಗದಂತೆ ಮುಚ್ಚುವುದು. ಇಪ್ಪತ್ತು ಲೀಟರ್ ಮಣ್ಣಿಗೆ ಒಂದೇ ಗಿಡವಿರಲಿ. ಅರ್ಧ ಕಿಲೋ ಸಿಕ್ಕರೆ ತೃಪ್ತಿಪಡಬೇಕು. ಎಲೆ ಹಳದಿಯಾದ ಮೇಲೆ ನೀರು ನಿಲ್ಲಿಸಿ, ಹತ್ತು ದಿನ ಬಿಟ್ಟು ಅಗೆದರೆ ಸಿಪ್ಪೆ ಬಲಿತಿರುತ್ತದೆ.

ಪ್ರಶ್ನೆ ಕೇಳಿದವರು

ತಮ್ಮೆಲ್ಲರಿಗೂ ಕೃತಜ್ಞತೆಗಳು. ಹಾಗಾದರೆ ಅಕ್ಟೋಬರಿನವರೆಗೆ ಕಾಯುತ್ತೇವೆ. ಬೆಳಕು ತಾಗಿ ಹಸಿರಾದ ಗಡ್ಡೆಯನ್ನು ಬೇಯಿಸಿದರೆ ದೋಷ ಹೋಗುತ್ತದೆಯೇ?

ಉತ್ತರ 3 (ಚಿಂತಾಮಣಿ)

ಹೋಗುವುದಿಲ್ಲ. ಹಸಿರಿನ ಜೊತೆಗೆ ಹೆಚ್ಚಾಗುವ ಸೊಲನೈನ್ ಎಂಬ ವಿಷವಸ್ತು ಬೇಯಿಸಿದರೂ ಬಹುಪಾಲು ಹಾಗೆಯೇ ಉಳಿಯುತ್ತದೆ. ಅಲ್ಲಲ್ಲಿ ಚುಕ್ಕೆಯಷ್ಟಿದ್ದರೆ ಆ ಭಾಗವನ್ನು ದಪ್ಪಗೆ ಕೊಯ್ದು ತೆಗೆಯಿರಿ. ಗಡ್ಡೆಯೇ ಹಸಿರಾಗಿದ್ದರೆ ಅಥವಾ ಕಹಿಯಾಗಿದ್ದರೆ ಎಸೆಯಿರಿ, ಮಕ್ಕಳಿಗಂತೂ ಕೊಡಲೇಬೇಡಿ.