ಸಹಾಯ ಬೇಕು: ಮಕ್ಕಳ ಮಾರ್ಚಿಂಗ್ ಬ್ಯಾಂಡ್ ಪ್ರದರ್ಶನಕ್ಕೆ ಹೊಲಿಗೆ, ಮರಗೆಲಸ ಬಲ್ಲವರು

ಎಲ್ಲರಿಗೂ ನಮಸ್ಕಾರ. ಇಲ್ಲಿ ಅಮೆರಿಕದಲ್ಲಿ ನನ್ನ ಮಗಳು ತನ್ನ ಹೈಸ್ಕೂಲಿನ ಮಾರ್ಚಿಂಗ್ ಬ್ಯಾಂಡಿನಲ್ಲಿ (ಮೈದಾನದಲ್ಲಿ ಹೆಜ್ಜೆ ಹಾಕುತ್ತ ವಾದ್ಯ ನುಡಿಸುವ ತಂಡ) ಕ್ಲಾರಿನೆಟ್ ನುಡಿಸುತ್ತಾಳೆ. ಈ ವರ್ಷದ ಪ್ರದರ್ಶನದ ವಸ್ತು ಎರಡನೆಯ ಮಹಾಯುದ್ಧದ ರಣರಂಗವಲ್ಲ, ಆಗ ಊರಿನಲ್ಲೇ ಉಳಿದವರ ಬದುಕು. 1942ರಲ್ಲಿ ಸಕ್ಕರೆಗೂ ಕಾಫಿಗೂ ಬಂದ ಪಡಿತರ, ಹಿತ್ತಲಲ್ಲಿ ಬೆಳೆದ ತರಕಾರಿ, ಸ್ಫೋಟಕಕ್ಕೆ ಬೇಕಾದ ಗ್ಲಿಸರಿನ್‌ಗಾಗಿ ಗೃಹಿಣಿಯರು ಡಬ್ಬಿಯಲ್ಲಿ ಕೂಡಿಟ್ಟು ಕೊಟ್ಟ ಅಡುಗೆಯ ಕೊಬ್ಬು, ವಿಮಾನ ಕಾರ್ಖಾನೆಗಳಲ್ಲಿ ಲೋಹದ ತಗಡು ಜೋಡಿಸುವ ರಿವೆಟ್ ಹೊಡೆದ ಹೆಂಗಸರು, ಇವೆಲ್ಲ ಮೈದಾನದ ಮೇಲೆ ಮೂಡಬೇಕು. (ಅದೇ ಯುದ್ಧದಲ್ಲಿ ನಮ್ಮ ಬೆಂಗಳೂರಿನ ವಿಮಾನ ಕಾರ್ಖಾನೆಯಲ್ಲಿಯೂ ಅಮೆರಿಕದ ವಿಮಾನಗಳು ದುರಸ್ತಿಯಾಗುತ್ತಿದ್ದವು ಎಂದು ಮಗಳಿಗೆ ಹೇಳಿದಾಗ ಅವಳ ಕಣ್ಣು ಅರಳಿತು.)

ನಮಗೆ ತುರ್ತಾಗಿ ಬೇಕಾಗಿರುವುದು ಕಿಟಕಿಗಳು ಮತ್ತು ಬಾವುಟಗಳು. ಮಗ ಸೈನ್ಯದಲ್ಲಿದ್ದ ಮನೆಯವರು ಕೆಂಪು ಅಂಚಿನ ಬಿಳಿ ಬಟ್ಟೆಯ ನಡುವೆ ನೀಲಿ ನಕ್ಷತ್ರವಿದ್ದ ಪುಟ್ಟ ಬಾವುಟವನ್ನು ಕಿಟಕಿಗೆ ತೂಗುಹಾಕುತ್ತಿದ್ದರು. ಅವನು ಮಡಿದ ಸುದ್ದಿ ಬಂದರೆ ನೀಲಿಯ ಮೇಲೆ ಹೊನ್ನಿನ ಬಣ್ಣದ ನಕ್ಷತ್ರ ಬರುತ್ತಿತ್ತು. ವಾದ್ಯಗಳೆಲ್ಲ ನಿಂತು ಒಂದೇ ಕಹಳೆ ಉಳಿಯುವ ಹೊತ್ತಿಗೆ ಒಬ್ಬ ಹುಡುಗಿ ಆ ಹೊನ್ನಿನ ನಕ್ಷತ್ರವನ್ನು ಅಂಟಿಸುತ್ತಾಳೆ. ಅಭ್ಯಾಸದಲ್ಲಿ ಕಾಗದದ ನಕ್ಷತ್ರ ಗಾಳಿಗೆ ಹಾರಿಹೋಯಿತು. ಆದ್ದರಿಂದ ವೆಲ್ಕ್ರೋ ಹಚ್ಚಿ ಗಟ್ಟಿ ಬಟ್ಟೆಯಲ್ಲಿ 12 ಬಾವುಟಗಳನ್ನು ಹೊಲಿದುಕೊಡುವವರು ಬೇಕು. ಆರಡಿ ಎತ್ತರದ 4 ಕಿಟಕಿ ಚೌಕಟ್ಟುಗಳಿಗೆ ಚಕ್ರ ಕೂರಿಸಿ, ಗಾಳಿಗೆ ಮಗುಚದಂತೆ ಬುಡಕ್ಕೆ ಭಾರ ಕಟ್ಟಲು ಮರಗೆಲಸ ಬಲ್ಲ ಇಬ್ಬರು ಬಂದರೆ ದೊಡ್ಡ ಉಪಕಾರವಾಗುತ್ತದೆ. ಸಾಮಗ್ರಿಯ ಖರ್ಚು ನಮ್ಮದು. ಬರುವ ಎರಡು ಶನಿವಾರ ಬೆಳಿಗ್ಗೆ ಬಿಡುವಿರುವವರು ದಯವಿಟ್ಟು ಇಲ್ಲಿಯೇ ತಿಳಿಸಿ.