ಶಾರ್ಲೆಟ್‌ನಲ್ಲಿ ನಾಸ್ಕಾರ್ ರೇಸ್: ಅಪ್ಪನನ್ನ ಕರ್ಕೊಂಡು ಹೋಗಬಹುದಾ?

ಕೌಲ್‌ಬಜಾರ್ ಹುಡುಗ:
ಎಲ್ಲರಿಗೂ ನಮಸ್ಕಾರ. ನಮ್ಮದು ಬಳ್ಳಾರಿ. ಅಕ್ಕ-ಭಾವ ಅಮೆರಿಕದ ಶಾರ್ಲೆಟ್‌ನಲ್ಲಿದ್ದಾರೆ. ಮೇ ತಿಂಗಳಲ್ಲಿ ಅಪ್ಪನನ್ನ ಕರ್ಕೊಂಡು ಹೋಗುತ್ತಿದ್ದೇನೆ. ಭಾವ ಕೇಳದೇ ಕೋಕಾ-ಕೋಲಾ 600 ಅನ್ನೋ ರೇಸಿಗೆ ಟಿಕೆಟ್ ತೆಗೆಸಿಬಿಟ್ಟಿದ್ದಾರೆ. ನಾಸ್ಕಾರ್ ಅಂದ್ರೆ ಅಲ್ಲಿನ ಕಾರ್ ರೇಸ್. 600 ಮೈಲಿ ಅಂದ್ರೆ ಸುಮಾರು 965 ಕಿ.ಮೀ. ಇಲ್ಲಿಂದ ಬೆಂಗಳೂರಿಗೆ ಹೋಗಿ, ವಾಪಸ್ ಬಂದು, ಮತ್ತೆ ಹೋದಷ್ಟು ದೂರ! ಅಷ್ಟನ್ನೂ ಒಂದೂವರೆ ಮೈಲಿ ಟ್ರ್ಯಾಕ್‌ನಲ್ಲಿ 400 ಸುತ್ತು ಹೊಡೀತಾರಂತೆ.

ಅಪ್ಪ ಸಂಡೂರು ಕಡೆ ಅದಿರು ಲಾರಿ ಓಡಿಸಿದವರು. "ಸುತ್ತಿದಲ್ಲೇ ಸುತ್ತೋದನ್ನ ಏನು ನೋಡ್ತೀರೋ" ಅಂತ ಈಗಲೇ ಗೊಣಗುತ್ತಿದ್ದಾರೆ. ಬೋರ್ ಆಗುತ್ತಾ? ಸದ್ದು ತುಂಬಾ ಜಾಸ್ತಿನಾ? ಮನೆ ಊಟ ಒಳಗೆ ಬಿಡುತ್ತಾರಾ? ಅಪ್ಪ ಹೊರಗಿನದ್ದು ಮುಟ್ಟಲ್ಲ.

ಗಂಗಾವತಿ ಗ್ಯಾರೇಜ್:
ತಮ್ಮಾ, ಸುಮ್ನೆ ಕರ್ಕೊಂಡು ಹೋಗು. ಲಾರಿ ಓಡಿಸಿದವರಿಗೆ ನಿನಗಿಂತ ಜಾಸ್ತಿ ತಿಳಿಯುತ್ತೆ. 2025ರಲ್ಲಿ ಇದೇ ರೇಸನ್ನ ಮಗನ ಜೊತೆ ನೋಡಿದೆ.

ಮೊದಲು ಸೀಟು. ಆದಷ್ಟು ಮೇಲಿನ ಸಾಲು ಹಿಡಿ. ಕೆಳಗೆ ಕೂತರೆ ಕಾರು ಸರ್ರಂತ ಹೋಗಿದ್ದಷ್ಟೇ ಕಾಣುತ್ತೆ, ಟೈರಿಂದ ಕಿತ್ತ ರಬ್ಬರ್ ಚೂರು ಬಂದು ತಲೆ ಮೇಲೆ ಬೀಳುತ್ತೆ. ಮೇಲಿಂದ ಇಡೀ ಟ್ರ್ಯಾಕ್ ಕಾಣುತ್ತೆ. ತಿರುವುಗಳು 24 ಡಿಗ್ರಿ ಓರೆ ಇವೆ. ಟಿವಿಯಲ್ಲಿ ಆ ಓರೆ ಗೊತ್ತೇ ಆಗಲ್ಲ.

ಸದ್ದಿನ ಬಗ್ಗೆ ಕೇಳಲೇಬೇಡ. ಹತ್ತಿರ ಹತ್ತಿರ 40 ಕಾರು, ಎಲ್ಲಾ ವಿ8 ಇಂಜಿನ್, 670 ಹಾರ್ಸ್‌ಪವರ್, ಸೈಲೆನ್ಸರ್ ಇಲ್ಲ. ಹಸಿರು ಬಾವುಟ ಬೀಸಿದ ಕೂಡಲೇ ಎದೆ ಅದುರುತ್ತೆ. ಕಿವಿಗೆ ಹತ್ತಿ ಇಟ್ಟರೆ ಸಾಲಲ್ಲ. ಅಲ್ಲಿ ಸ್ಕ್ಯಾನರ್ (ಡ್ರೈವರ್ ಮತ್ತು ಅವರ ತಂಡ ಮಾತಾಡೋದು ಕೇಳಿಸೋ ರೇಡಿಯೋ) ಜೊತೆ ದಪ್ಪ ಹೆಡ್‌ಸೆಟ್ ಬಾಡಿಗೆಗೆ ಸಿಗುತ್ತೆ, ಅದನ್ನ ತಗೋ. ಕಿವಿನೂ ಉಳಿಯುತ್ತೆ, ಡ್ರೈವರ್ ಮಾತೂ ಕೇಳುತ್ತೆ. ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಅದೇ. ಡ್ರೈವರ್‌ಗೆ ಪಕ್ಕಕ್ಕೂ ಹಿಂದಕ್ಕೂ ಸರಿಯಾಗಿ ಕಾಣಲ್ಲ. ಅದಕ್ಕೇ ಸ್ಟ್ಯಾಂಡಿನ ಚಾವಣಿ ಮೇಲೆ ಸ್ಪಾಟರ್ ಅಂತ ಒಬ್ಬ ನಿಂತಿರುತ್ತಾನೆ. ನಮ್ಮ ಲಾರಿ ಕ್ಲೀನರ್ "ಬರಲಿ, ಬರಲಿ, ರೈಟ್" ಅಂತಾನಲ್ಲ, ಅದನ್ನೇ ಇವನು ತಾಸಿಗೆ 280 ಕಿ.ಮೀ. ಮೇಲೆ ಓಡೋ ಕಾರಿಗೆ ಹೇಳುತ್ತಿರುತ್ತಾನೆ. ನಾಲ್ಕು ತಾಸೂ ಬಿಡದೆ.

ಎಲ್ಲಾ ಕಾರು ನೋಡೋಕೆ ಹೋಗಬೇಡ, ತಲೆ ಕೆಡುತ್ತೆ. ಒಂದೇ ಕಾರು ಹಿಡಿದು ಅದರ ಟೈರಿನ ಕಥೆ ನೋಡು. ಬರೀ ಎಡಕ್ಕೇ ತಿರುಗುತ್ತಾರೆ, ಭಾರವೆಲ್ಲ ಬಲಗಡೆ ಟೈರಿಗೆ. ಸವೆದಂತೆ ಕಾರು ನಿಧಾನ ಆಗುತ್ತೆ. ಸಂಜೆ ಬಿಸಿಲಲ್ಲಿ ಶುರುವಾಗಿ ರಾತ್ರಿ ಲೈಟಲ್ಲಿ ಮುಗಿಯೋ ರೇಸು ಇದು. ಟ್ರ್ಯಾಕ್ ತಣ್ಣಗಾದಂತೆ, ಅಲ್ಲಿವರೆಗೆ ಚೆನ್ನಾಗಿದ್ದ ಕಾರು ಹಟ ಮಾಡುತ್ತೆ. "ಹಿಂದಿನ ಟೈರ್ ಜಾರ್ತಿದೆ" ಅಂತ ಡ್ರೈವರ್ ರೇಡಿಯೋದಲ್ಲಿ ಬೈಯೋದು ಕೇಳಿದ್ರೆ ನಿಮ್ಮಪ್ಪ ತಾವಾಗೇ ಹೂಂ ಅಂತಾರೆ.

ಇನ್ನು ಪಿಟ್, ಅಂದ್ರೆ ರೇಸಿನ ನಡುವೆ ಟೈರು, ಪೆಟ್ರೋಲಿಗೆ ಕಾರು ನಿಲ್ಲಿಸೋ ಜಾಗ. ಐದು ಜನ ಗೋಡೆ ಹಾರಿ ಬರುತ್ತಾರೆ. ಜಾಕ್‌ನವನು ಓಡ್ಕೊಂಡು ಬಂದು ಒಂದೆರಡು ಒತ್ತು ಒತ್ತಿದರೆ ಬಲಗಡೆ ಪೂರ್ತಿ ಮೇಲೆ. ಆಮೇಲೆ ಎಡಗಡೆಗೆ ಓಟ. 2022ರಿಂದ ಚಕ್ರಕ್ಕೆ ಒಂದೇ ನಟ್, ಮೊದಲು ಐದು ಇದ್ದವು. ಪೆಟ್ರೋಲ್‌ಗೆ ಪಂಪ್ ಗಿಂಪ್ ಇಲ್ಲ, ಒಬ್ಬ ದೊಡ್ಡ ಕ್ಯಾನ್ ಹೆಗಲಿಗೆ ಹೊತ್ತು ತಂದು ಸುರಿಯುತ್ತಾನೆ. ನಾಲ್ಕೂ ಟೈರ್ ಬದಲಾಗೋಕೆ ಹತ್ತು-ಹನ್ನೊಂದು ಸೆಕೆಂಡ್. ನನ್ನ ಹುಡುಗರಿಗೆ ನಟ್ ಹುಡುಕೋಕೇ ಅದಕ್ಕಿಂತ ಜಾಸ್ತಿ ಹೊತ್ತು ಬೇಕು.

ನಾವು ನೋಡಿದ ದಿನ ವಿಲಿಯಂ ಬೈರನ್ 400ರಲ್ಲಿ 283 ಸುತ್ತು ಮುಂದಿದ್ದ. ಗೆದ್ದಿದ್ದು ರಾಸ್ ಚಾಸ್ಟೇನ್. ಪ್ರ್ಯಾಕ್ಟೀಸಲ್ಲಿ ಇವನ ಕಾರು ನುಜ್ಜುಗುಜ್ಜಾಗಿ, ಹುಡುಗರು ರಾತ್ರಿಯೆಲ್ಲ ಕೂತು ಇನ್ನೊಂದು ಕಾರು ರೆಡಿ ಮಾಡಿದ್ದರು. ಕಟ್ಟಕಡೆಯ ಜಾಗ, 40ನೇ ನಂಬರಿಂದ ಹೊರಟವನು ಆರು ಸುತ್ತು ಬಾಕಿ ಇರುವಾಗ ಮುಂದೆ ಬಂದ. ಮನೆತನದಿಂದ ಕಲ್ಲಂಗಡಿ ಬೆಳೆಯೋ ರೈತರವನು. ಗೆದ್ದಾಗೆಲ್ಲ ಟ್ರ್ಯಾಕ್ ಮೇಲೇ ಒಂದು ಕಲ್ಲಂಗಡಿ ಎತ್ತಿ ಕುಕ್ಕಿ ಒಡೆಯುತ್ತಾನೆ.

ರಾಯಚೂರು ಬಿಸಿಲು:
ಊಟ ಬಿಡುತ್ತಾರೆ ರೀ. ಮೆತ್ತನೆ ಕೂಲರ್ ಬ್ಯಾಗ್ 14 ಇಂಚಿನ ಒಳಗಿರಬೇಕು, ಅಷ್ಟೇ. ಗಾಜಿನ ಬಾಟಲಿ ಮಾತ್ರ ಬೇಡ, ಉಪ್ಪಿನಕಾಯಿಯನ್ನ ಪ್ಲಾಸ್ಟಿಕ್ ಡಬ್ಬಿಗೆ ಹಾಕಿಕೊಳ್ಳಿ. ನಾವು ಮೊಸರನ್ನ, ರೊಟ್ಟಿ, ಶೇಂಗಾ ಚಟ್ನಿ ಒಯ್ದಿದ್ವಿ.

ಗ್ಯಾರೇಜ್ ಅಣ್ಣ ಹೇಳಿದಷ್ಟು ಮಜಾ ನನಗೆ ಬರಲಿಲ್ಲ ಬಿಡಿ, ನಡುವೆ ಉದ್ದ ಅನ್ನಿಸಿತು. 100 ಸುತ್ತಿಗೊಂದು ಸ್ಟೇಜ್ (ರೇಸಿನ ಒಂದು ಹಂತ) ಮುಗಿಯುತ್ತೆ, ಆಗ ಅಪ್ಪನನ್ನ ಎಬ್ಬಿಸಿ ಓಡಾಡಿಸಿ. ಆದರೆ ಅರ್ಧದಲ್ಲಿ ಎಲ್ಲಾ ಕಾರು ಪಿಟ್ ದಾರಿಯಲ್ಲಿ ನಿಲ್ಲಿಸಿ, ಇಂಜಿನ್ ಆಫ್ ಮಾಡಿ, ಸತ್ತ ಸೈನಿಕರಿಗೆ ಗೌರವ ಕೊಡುತ್ತಾರೆ. ಪ್ರತಿ ಕಾರಿನ ಮುಂದಿನ ಗಾಜಿನ ಮೇಲೆ ಒಬ್ಬೊಬ್ಬ ಸೈನಿಕನ ಹೆಸರು. ಆ ಹೊತ್ತಿಗೆ ಟಾಯ್ಲೆಟ್ ಕ್ಯೂನಲ್ಲಿ ಇರಬೇಡಿ.

ಮಳೆ ಬಂದ್ರೆ ಓಡಿಸಲ್ಲ, ನುಣುಪು ಟೈರ್ ಅಲ್ವಾ. 2024ರಲ್ಲಿ 249 ಸುತ್ತಿಗೇ ಮುಗಿಸಿಬಿಟ್ಟರು. 2023ರಲ್ಲಿ ಭಾನುವಾರದ ರೇಸು ಸೋಮವಾರಕ್ಕೆ ಹೋಯಿತು. ಹಾಗಾಗಿ ಮರುದಿನ ಬೇರೆ ಪ್ಲಾನ್ ಇಟ್ಟುಕೊಳ್ಳಬೇಡಿ.

ಕೌಲ್‌ಬಜಾರ್ ಹುಡುಗ:
ಇಬ್ಬರಿಗೂ ಥ್ಯಾಂಕ್ಸ್. ಅಪ್ಪನಿಗೆ ಓದಿ ಹೇಳಿದೆ. ಹತ್ತು ಸೆಕೆಂಡ್ ಟೈರ್ ನಂಬುತ್ತಿಲ್ಲ, ಫೋನಲ್ಲಿ ಟೈಮ್ ಹಿಡಿದು ನೋಡ್ತೀನಿ ಅಂತಾರೆ. ಮೇಲಿನ ಸಾಲು ಸಿಗುತ್ತಾ ಅಂತ ಭಾವನಿಗೆ ಮೆಸೇಜ್ ಹಾಕಿದ್ದೇನೆ. ಅಣ್ಣ, ಆ ಸ್ಕ್ಯಾನರ್‌ಗೆ ಎರಡು ಹೆಡ್‌ಸೆಟ್ ಸಿಕ್ಕಿಸಬಹುದಾ, ಇಲ್ಲಾ ಒಬ್ಬೊಬ್ಬರಿಗೆ ಬೇರೆ ಬೇರೆ ತಗೋಬೇಕಾ?

ಗಂಗಾವತಿ ಗ್ಯಾರೇಜ್:
ಎರಡು ಸಿಕ್ಕಿಸಬಹುದು, ಪಿನ್ ಕೊಡುತ್ತಾರೆ. ಆದ್ರೆ ಚಾನೆಲ್ ಬದಲಾಯಿಸೋ ಗುಂಡಿ ಅಪ್ಪನ ಕೈಗೇ ಕೊಡು.