ಪದಚರ್ಚೆ: ಪೀಟ್ ಹೊಗೆಯ ವಿಸ್ಕಿಗೆ ‘ಘಾಟು’ ಒಪ್ಪುತ್ತದೆಯೇ, ‘ಹೊಗೆಗಂಪು’ ಒಪ್ಪುತ್ತದೆಯೇ?

ಮಾನ್ಯರೇ,

ಸ್ಕಾಟ್ಲೆಂಡಿನ ಐಲಾ ದ್ವೀಪದ ವಿಸ್ಕಿಗಳ ಬಗ್ಗೆ ಲೇಖನವೊಂದನ್ನು ಬರೆಯುತ್ತಿದ್ದೇನೆ. ಅಲ್ಲಿ ತಯಾರಾಗುವ ಲಾಫ್ರೋಯ್ಗ್, ಲಗವೂಲಿನ್, ಆರ್ಡ್‌ಬೆಗ್‌ಗಳ ಮುಖ್ಯ ಗುಣವಾದ ಪೀಟ್ ಹೊಗೆಯ ವಾಸನೆಯನ್ನು ಕನ್ನಡದಲ್ಲಿ ಹೇಳುವುದು ಹೇಗೆ, ಮೊದಲ ಗುಟುಕಿಗೆ ಮುಖ ಸಿಂಡರಿಸಿದವರೇ ಕ್ರಮೇಣ ಅದನ್ನು ಅರಸಿ ಕುಡಿಯುವಂತಾಗುವುದಕ್ಕೆ ಯಾವ ಕ್ರಿಯಾಪದ ಹೊಂದುತ್ತದೆ ಎಂಬ ಎರಡು ಪ್ರಶ್ನೆಗಳನ್ನು ತಮ್ಮ ಮುಂದಿಡುತ್ತಿದ್ದೇನೆ.

ಪಾಚಿ, ಹುಲ್ಲು, ಕುರುಚಲು ಗಿಡಗಳು ನೀರು ನಿಂತ ಜೌಗಿನಲ್ಲಿ ಗಾಳಿಯಾಡದೆ ಅರೆಕೊಳೆತು, ಸಾವಿರಾರು ವರ್ಷ ಪದರಪದರವಾಗಿ ಕೂಡಿಕೊಂಡದ್ದೇ ಪೀಟ್. ಅದನ್ನು ಇಟ್ಟಿಗೆಯಾಕಾರದಲ್ಲಿ ಕಡಿದು ಒಣಗಿಸಿ ಉರುವಲಾಗಿ ಬಳಸುತ್ತಾರೆ. ನೆನೆಸಿ ಮೊಳಕೆ ಬರಿಸಿದ ಬಾರ್ಲಿಯನ್ನು, ಅಂದರೆ ಮಾಲ್ಟನ್ನು, ಈ ಹೊಗೆಯಲ್ಲಿ ಒಣಗಿಸುವಾಗ ಫೀನಾಲ್ ಗುಂಪಿನ ಸಂಯುಕ್ತಗಳು ಕಾಳಿಗೆ ಹತ್ತಿಕೊಳ್ಳುತ್ತವೆ. ಇವುಗಳಲ್ಲಿ ಗ್ವಾಯಕಾಲ್ ಹೊಗೆಯ ವಾಸನೆಯನ್ನೂ ಕ್ರೆಸಾಲ್‌ಗಳು ಡಾಂಬರು ಮತ್ತು ಔಷಧಿಯ ವಾಸನೆಯನ್ನೂ ಕೊಡುತ್ತವೆ. ಆರ್ಡ್‌ಬೆಗ್‌ಗೆ ಬಳಸುವ ಮಾಲ್ಟ್‌ನಲ್ಲಿ ಫೀನಾಲ್ ಪ್ರಮಾಣ ದಶಲಕ್ಷಕ್ಕೆ 55ರ ಆಸುಪಾಸು, ಲಗವೂಲಿನ್‌ಗೆ 35ರ ಆಸುಪಾಸು. ಇದು ಕಾಳಿನ ಲೆಕ್ಕವೇ ಹೊರತು ಸೀಸೆಯದಲ್ಲ. ಭಟ್ಟಿ ಇಳಿಸಿ, ಪೀಪಾಯಿಯಲ್ಲಿ ವರ್ಷಗಟ್ಟಲೆ ಇಡುವಷ್ಟರಲ್ಲಿ ಬಹುಪಾಲು ಕಳೆದಿರುತ್ತದೆ.

ಪೀಟ್ ಎಂಬ ಹೆಸರು ಹಾಗೆಯೇ ಇರಲಿ ಎಂಬುದು ನನ್ನ ಅಭಿಪ್ರಾಯ. ತೊಡಕಿರುವುದು ವಾಸನೆಯನ್ನು ಹೇಳುವಲ್ಲಿ. ‘ಕಮಟು’ ಎಂದರೆ ಎಣ್ಣೆಯೋ ಕೊಬ್ಬರಿಯೋ ಕೆಟ್ಟಿದೆ ಎಂದೇ ಅರ್ಥ. ‘ಸೀದ ವಾಸನೆ’ ಎಂದರೆ ತಳ ಹಿಡಿದಿದೆ ಎಂದರ್ಥ. ಎರಡೂ ದೋಷವನ್ನು ಹೇಳುವ ಮಾತುಗಳಾದ್ದರಿಂದ, ತಯಾರಿಸುವವರು ಬೇಕೆಂದೇ ಹಿಡಿಸಿದ ಹೊಗೆಗೆ ಒಪ್ಪುವುದಿಲ್ಲ. ‘ಘಾಟು’ ಇವೆರಡಕ್ಕಿಂತ ಉತ್ತಮ, ಏಕೆಂದರೆ ಒಗ್ಗರಣೆಯ ಮೆಣಸಿನಕಾಯಿಯ ಘಾಟಿಗೆ ಕೆಮ್ಮುವವರಿದ್ದಂತೆಯೇ ಘಾಟಿಲ್ಲದ ನಶ್ಯವನ್ನು ನಶ್ಯವೆಂದೇ ಒಪ್ಪದವರೂ ನಮ್ಮಲ್ಲಿದ್ದಾರೆ.

ಆದರೂ ಘಾಟಿಗೆ ಒಂದು ಮಿತಿಯಿದೆ. 16 ವರ್ಷದ ಲಗವೂಲಿನ್ ಅನ್ನು ಲೋಟಕ್ಕೆ ಸುರಿದು ಮೂಗಿನ ಬಳಿ ತಂದಾಗ ಟಿಂಚರ್ ಅಯೋಡಿನ್ನಿನಂಥ ವಾಸನೆಯೂ ಮದ್ಯಸಾರದ ಉರಿಯೂ ಒಟ್ಟಿಗೇ ಬಡಿಯುತ್ತವೆ; ಇವೆರಡನ್ನೂ ಘಾಟೆಂದೇ ಕರೆಯಬಹುದು. ಒಂದು ಚಮಚ ನೀರು ಬೆರೆಸಿ ತುಸು ಕಾದರೆ ಉರಿ ಇಳಿಯುತ್ತದೆ, ಹೊಗೆ ಮಾತ್ರ ಉಳಿಯುತ್ತದೆ, ಅದರ ಅಡಿಯಲ್ಲಿ ಮಾಲ್ಟಿನ ಸಿಹಿ ತೋರುತ್ತದೆ. ತೊಳೆಯದೆ ಬಿಟ್ಟ ಲೋಟ ಮರುದಿನ ಬೆಳಿಗ್ಗೆಯೂ ಬೂದಿಯ ವಾಸನೆ ಬೀರುತ್ತಿರುತ್ತದೆ, ಆದರೆ ಗಂಟಲನ್ನು ಕೆರೆಯುವಂಥದ್ದೇನೂ ಅದರಲ್ಲಿರುವುದಿಲ್ಲ. ಆದ್ದರಿಂದ ಮೊದಲ ಹೊಡೆತಕ್ಕೆ ‘ಘಾಟು’ ಎಂದೂ, ಉಳಿಯುವ ಗುಣಕ್ಕೆ ‘ಹೊಗೆಗಂಪು’ ಎಂದೂ ಬಳಸಬೇಕೆಂದಿದ್ದೇನೆ. ‘ಹೊಗೆಗಂಪು’ ಎಂದಾಗ ಕಡಲಪಾಚಿಯ, ಔಷಧಿಯ ಅಂಶ ಬಿಟ್ಟುಹೋಗುತ್ತದೆ ಎಂಬ ಕೊರತೆ ನನಗೂ ಕಾಡುತ್ತಿದೆ.

ಇದು ಕೇವಲ ಪರದೇಶದ ಮಾತಲ್ಲ. ಬೆಂಗಳೂರಿನ ಅಮೃತ್ ಕಂಪನಿಯ ಫ್ಯೂಷನ್ ವಿಸ್ಕಿಯಲ್ಲಿ ಭಾರತದ ಬಾರ್ಲಿಯ ಜೊತೆಗೆ ಸ್ಕಾಟ್ಲೆಂಡಿನ ಪೀಟ್ ಹೊಗೆ ಹಿಡಿಸಿದ ಬಾರ್ಲಿಯೂ ಇದೆ. ಅದನ್ನು ವರ್ಣಿಸಲು ಕನ್ನಡದ ಮಾತು ಇರಲೇಬೇಕು.

ಇನ್ನು ಕ್ರಿಯಾಪದದ ವಿಚಾರ. ‘ಒಗ್ಗಿತು’ ಎಂದರೆ ಸಹಿಸುವಂತಾಯಿತು ಎಂಬಷ್ಟೇ ಅರ್ಥ ಬರುತ್ತದೆ. ‘ರುಚಿ ಹತ್ತಿತು’ ಎಂಬುದು ಮದ್ಯದ ಸಂದರ್ಭದಲ್ಲಿ ಚಟದ ಕಡೆಗೆ ವಾಲುತ್ತದೆ. ‘ಹಿಡಿಸಿತು’ ಎಂಬುದನ್ನು ಮೊದಲ ಗುಟುಕಿಗೇ ಹೇಳಬಹುದು. ‘ಪಳಗಿದ ಕೈ’ ಎನ್ನುವಂತೆ ‘ಮೂಗು ಪಳಗಿತು’ ಎಂದರೆ, ಒಂದೇ ಹೊಗೆಯಾಗಿ ತೋರಿದ್ದರಲ್ಲಿ ಡಾಂಬರು, ಉಪ್ಪು, ಸಿಹಿಗಳನ್ನು ಬಿಡಿಸಿ ಗುರುತಿಸುವ ಅಭ್ಯಾಸ ಧ್ವನಿಸುತ್ತದೆ ಎಂದು ನನಗನ್ನಿಸುತ್ತದೆ. ಈ ಪ್ರಯೋಗ ತಮ್ಮ ಕಿವಿಗೆ ಸಹಜವಾಗಿ ಕೇಳುತ್ತದೆಯೇ?

ಹಿತವಾದ ಹೊಗೆವಾಸನೆಗೆಂದೇ ತಮ್ಮ ಸೀಮೆಯ ಆಡುಮಾತಿನಲ್ಲಿ, ವಿಶೇಷವಾಗಿ ಅಟ್ಟದಲ್ಲಿ ಹೊಗೆ ಹಿಡಿಸಿ ವಸ್ತುಗಳನ್ನು ಕಾಪಿಡುವ ಮಲೆನಾಡಿನ ಮನೆಗಳಲ್ಲಿ, ಬೇರೆ ಪದವಿದ್ದರೆ ಬಳಕೆಯ ವಾಕ್ಯದೊಂದಿಗೆ ದಯವಿಟ್ಟು ತಿಳಿಸಿ.